ವರದಿಯನ್ನು ಮೊದಲು ಓದಿದವರು ಯಾರು?

ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಲಿಂಗಸುಗೂರು ಬಸ್ಸಿಗೆ ಕಾಯುತ್ತಿದ್ದೆ. ಪರಿಚಯದ ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತು, ತನ್ನ ಫೋನನ್ನು ನನ್ನ ಕೈಗಿಟ್ಟ. ‘ಸರ್, ಇದೊಂದು ನೋಡ್ರಿ. ಇಮೇಜ್ ಅಂತ ಹೇಳಿ ಸುಮ್ನಾಗ್ತೈತಿ, ಮುಂದ ಮಾತಾಡವಲ್ದು.’

ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಡಿಗ್ರಿ ಮುಗಿಸಿದ್ದಾನೆ. ಫೋನನ್ನು ನನಗಿಂತ ಚುರುಕಾಗಿ ಬಳಸುತ್ತಾನೆ. ಅದು ಮಾತಾಡುವ ವೇಗ ಎಷ್ಟೆಂದರೆ ನನ್ನ ಕಿವಿಗೆ ಅದು ಬರೀ ಗುಜುಗುಜು. ಅವತ್ತು ಬಂದಿದ್ದು ರಕ್ತಪರೀಕ್ಷೆಯ ವರದಿ. ಲ್ಯಾಬಿನವರು ಅದನ್ನು ಕಾಗದದ ಮೇಲೆ ಪ್ರಿಂಟ್ ಹಾಕಿ, ಕಾಗದದ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸಿದ್ದರು. ನಾನು ಓದತೊಡಗಿದೆ. ಎರಡು ಸಾಲು ದಾಟುವಷ್ಟರಲ್ಲಿ ನನ್ನ ದನಿ ತಾನಾಗಿಯೇ ಇಳಿಯಿತು. ಅದೇ ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಕೂತಿದ್ದರು. ಅದರಲ್ಲಿ ಏನಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಾನು ಓದಿದ್ದೇ ಹೆಚ್ಚಾಯಿತು.

ವಿಕಲಚೇತನರು ಬಳಸುವಂತೆ ಜಾಲತಾಣ, ಆ್ಯಪ್‌ಗಳನ್ನು ರೂಪಿಸಬೇಕು ಎಂಬ ಮಾತು ಬಂದಾಗಲೆಲ್ಲ ನಾವು ಅನುಕೂಲದ ಲೆಕ್ಕ ಹಾಕುತ್ತೇವೆ. ಬಸ್ ಟಿಕೆಟ್ಟಿಗೆ ಆ ಲೆಕ್ಕ ಸಾಕು. ಆ್ಯಪ್ ಓದಲು ಬರದಿದ್ದರೆ ತಮ್ಮನೋ ಗೆಳೆಯನೋ ಬುಕ್ ಮಾಡಿಕೊಡುತ್ತಾನೆ, ನಷ್ಟವೇನೂ ಇಲ್ಲ. ಕಾಯಿಲೆಯ ಕಾಗದಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅದನ್ನು ಓದಲು ಇನ್ನೊಬ್ಬರ ಕಣ್ಣು ಬೇಕಾಯಿತೆಂದರೆ, ಕಾಯಿಲೆ ಯಾರದೋ ಅವರಿಗಿಂತ ಮೊದಲು ಆ ಇನ್ನೊಬ್ಬರಿಗೆ ಸುದ್ದಿ ಗೊತ್ತಾಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ಊರುಗಳಲ್ಲಿ ಇಂಥದ್ದನ್ನು ಓದಿಕೊಡುವ ಕಂಪ್ಯೂಟರ್ ಸೆಂಟರಿನವನಿಗೆ ನಿಮ್ಮ ಮನೆತನ, ಓಣಿ, ಬೀಗರ ಊರು ಎಲ್ಲ ಗೊತ್ತಿರುತ್ತದೆ. ಹೆಣ್ಣುಮಕ್ಕಳ ಪರೀಕ್ಷೆಯ ಫಲಿತಾಂಶ, ಮನೋವೈದ್ಯರ ಚೀಟಿ, ಎಚ್‌ಐವಿ ವರದಿ ಅವನ ಟೇಬಲ್ ದಾಟಿ ಬರಬೇಕಾದಂಥವಲ್ಲ.

ಹಾಗಾದರೆ ಫೋನು ‘ಇಮೇಜ್’ ಎಂದು ಸುಮ್ಮನಾಗಿದ್ದೇಕೆ? ತೆರೆಯ ಮೇಲಿನ ಯಾವುದೇ ಪುಟಕ್ಕೆ ಎರಡು ರೂಪ. ಒಂದು ನಮ್ಮ ಕಣ್ಣಿಗೆ ಬೀಳುವ ಬಣ್ಣ, ಅಕ್ಷರ, ಗುಂಡಿಗಳು. ಇನ್ನೊಂದು ಅದರಡಿಯಲ್ಲಿರುವ ಬರವಣಿಗೆ: ಇದು ಶೀರ್ಷಿಕೆ, ಇದು ಬಟನ್, ಈ ಖಾನೆಯಲ್ಲಿ ಜನ್ಮದಿನಾಂಕ ತುಂಬಬೇಕು ಎಂದು ಯಂತ್ರಕ್ಕೆ ಹೇಳುವ ಗುರುತುಗಳು. ತೆರೆಯನ್ನು ದನಿಯಾಗಿಸುವ ಸ್ಕ್ರೀನ್ ರೀಡರ್ ಓದುವುದು ಈ ಎರಡನೆಯದನ್ನು. ಕಾಗದದ ಫೋಟೊದಲ್ಲಿ ಅದು ಇರುವುದೇ ಇಲ್ಲ. ಆ್ಯಂಡ್ರಾಯ್ಡ್ ಫೋನುಗಳಲ್ಲಿರುವ ಟಾಕ್‌ಬ್ಯಾಕ್‌ನಲ್ಲಿ ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ವಸ್ತುವಿನ ಹೆಸರು ಕೇಳುತ್ತದೆ, ಎರಡು ಸಲ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಗುಂಡಿಗೆ ಚಿತ್ರ ಹಾಕಿ ಹೆಸರು ಬರೆಯದೆ ಬಿಟ್ಟಿದ್ದರೆ ‘ಅನ್‌ಲೇಬಲ್ಡ್ ಬಟನ್’ ಎನ್ನುತ್ತದೆ. ಅಂಥವು ಸಾಲಾಗಿ ಐದು ಸಿಕ್ಕವೆನ್ನಿ. ಅದರಲ್ಲಿ ವೈದ್ಯರಿಗೆ ಕರೆ ಹೋಗುವುದು ಯಾವುದು, ಅಪಾಯಿಂಟ್‌ಮೆಂಟ್ ರದ್ದಾಗುವುದು ಯಾವುದು? ಒತ್ತಿ ನೋಡಿಯೇ ತಿಳಿಯಬೇಕು.

ಈ ಉಪಕರಣಗಳನ್ನು ಕಟ್ಟಿದವರಲ್ಲಿ ಕಣ್ಣಿಲ್ಲದವರೇ ಮುಂದಿದ್ದರು. 14ನೇ ವಯಸ್ಸಿಗೆ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡ ಪುಣೆಯ ಟಿ.ವಿ. ರಾಮನ್ ಮುಂದೆ ಗೂಗಲ್ ಸೇರಿದರು. 2009ರಲ್ಲಿ ಆ್ಯಂಡ್ರಾಯ್ಡ್ ಫೋನಿಗೆ ಮಾತು ಬಂದದ್ದು ಅವರ ತಂಡದ ಕೆಲಸದಿಂದ. ಕಂಪ್ಯೂಟರಿನಲ್ಲಿ ಬಳಸುವ ಎನ್‌ವಿಡಿಎ ತಂತ್ರಾಂಶವನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದರು. ಅವರಿಗೂ ಕಣ್ಣಿಲ್ಲ, ತಂತ್ರಾಂಶಕ್ಕೆ ದುಡ್ಡೂ ಇಲ್ಲ. ಹೀಗಾಗಿ ಸಲಕರಣೆ ತುಟ್ಟಿ ಎಂಬ ನೆಪ ಈಗ ನಡೆಯುವುದಿಲ್ಲ. ಕೇಳುವವರ ಕೈಯಲ್ಲಿ ಸಲಕರಣೆ ಇದೆ, ಬರೆಯುವವರು ಆ ಗುರುತುಗಳನ್ನು ಬರೆದಿಲ್ಲ.

ಕನ್ನಡಕ್ಕೆ ಇದರ ಮೇಲೆ ಇನ್ನೊಂದು ಸ್ವಂತ ತೊಡಕಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಒಂದು ಉಪಾಯ ಮಾಡಿದ್ದವು. ಕಂಪ್ಯೂಟರಿಗೆ ಗೊತ್ತಿದ್ದ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ಮುಖವಾಡ ತೊಡಿಸುವುದು. ತೆರೆಯ ಮೇಲೆ ‘ಕನ್ನಡ’ ಎಂದು ಮುದ್ದಾಗಿ ಕಾಣುತ್ತದೆ. ಅಡಿಯಲ್ಲಿರುವುದು ಮಾತ್ರ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೆರೆಯ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಗೆರೆಯ ಎ. ಸ್ಕ್ರೀನ್ ರೀಡರ್ ಪ್ರಾಮಾಣಿಕ ಪ್ರಾಣಿ, ಇದ್ದದ್ದನ್ನು ಇದ್ದ ಹಾಗೇ ಓದುತ್ತದೆ. ಲಸಿಕೆಯ ಪ್ರಕಟಣೆಯೋ ಡೆಂಗಿ ಬಗೆಗಿನ ಸೂಚನೆಯೋ ಈ ಫಾಂಟಿನಲ್ಲಿ ಪಿಡಿಎಫ್ ಆಗಿ ಬಂದರೆ ಕೇಳುವವನಿಗೆ ಸಿಗುವುದು ಪೌಂಡು, ಪಿ, ಕ್ಯೂಗಳ ಮಂತ್ರ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಸ್ವಂತ ಜಾಗ ಸಿಕ್ಕು ಎಷ್ಟೋ ವರ್ಷವಾಯಿತು, ಕನ್ನಡ ಓದುವ ಯಂತ್ರದ ದನಿಗಳೂ ಬಂದಿವೆ. ಆದರೂ ಡಿಟಿಪಿ ಮಾಡುವವರಿಗೆ ಹಳೆಯ ಫಾಂಟು ಕೈಗೆ ಕೂತುಬಿಟ್ಟಿದೆ. ಫ್ಲೆಕ್ಸು ಮಾಡಲು ಬಳಸಲಿ, ಯಾರ ತಕರಾರೂ ಇಲ್ಲ. ಅದೇ ಫೈಲನ್ನು ಜಾಲತಾಣಕ್ಕೆ ಏರಿಸಿದಾಗ ಮಾತ್ರ ಅದು ಮೂಕವಾಗುತ್ತದೆ.

ಕಣ್ಣು ಪೂರ್ತಿ ಹೋಗದೆ ಮಂಜಾದವರ ಪಾಡು ಬೇರೆ. ಪೊರೆ ಬಂದ ವಯಸ್ಸಾದವರು ಫೋನಿನ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳುತ್ತಾರೆ. ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ನಿಯಮದ ಪ್ರಕಾರ ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ವಿಷಯ ಮರೆಯಾಗಬಾರದು. ಇಂಗ್ಲಿಷನ್ನು ಲೆಕ್ಕದಲ್ಲಿಟ್ಟು ಸಾಲಿನ ಎತ್ತರ ಹೊಂದಿಸಿದ ಆ್ಯಪ್‌ನಲ್ಲಿ ಕನ್ನಡ ಹಿಗ್ಗಿದಾಗ ಏನಾಗುತ್ತದೆ ಗೊತ್ತೇ? ಕೆಳಗಿಳಿಯುವ ಒತ್ತಕ್ಷರ ಕತ್ತರಿಸಿ ಹೋಗುತ್ತದೆ. ‘ಮಾತ್ರೆ’ಯ ರ-ಒತ್ತು ಹಾರಿ ‘ಮಾತೆ’ ಉಳಿಯುತ್ತಾಳೆ. ಊಟದ ನಂತರ ಎರಡು ಮಾತೆ. ನಗು ಬರುವುದು ನಿಜ, ಆದರೆ ‘ರಕ್ತ’ ‘ರಕ’ವಾಗಿ, ‘ಮೂತ್ರ’ ‘ಮೂತ’ವಾಗಿ ಕಂಡರೆ ಮಂಜುಗಣ್ಣಿನವರು ಊಹೆಯ ಮೇಲೆ ಔಷಧ ನುಂಗಬೇಕಾಗುತ್ತದೆ. ಸಾಲಿಗೆ ಇನ್ನಷ್ಟು ಜಾಗ ಬಿಟ್ಟರೆ ಮುಗಿಯಿತು. ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಬರೆಯುವ ಚಟಕ್ಕೂ ಔಷಧವಿದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕೆಂದು ಅದೇ ಮಾನದಂಡ ಹೇಳುತ್ತದೆ. ಕಪ್ಪು–ಬಿಳುಪಿನ ಅಂತರ 21ಕ್ಕೆ 1. ಏಪ್ರಿಲ್ ಬಿಸಿಲಿನಲ್ಲಿ ಆಸ್ಪತ್ರೆಯ ಅಂಗಳದಲ್ಲಿ ನಿಂತು ಫೋನು ನೋಡಿದವರಿಗೆ, ಕಣ್ಣು ಎಷ್ಟೇ ಚೆನ್ನಾಗಿದ್ದರೂ, ಈ ಅಂಕಿಯ ಬೆಲೆ ತಿಳಿಯುತ್ತದೆ.

ಬಸ್ಸು ಬಂತು. ಇಬ್ಬರೂ ಹತ್ತಿದೆವು, ಅವನು ಮಸ್ಕಿಯಲ್ಲಿ ಇಳಿಯುವವನು.

ದಾರಿಯಲ್ಲಿ ಅವನು ಕೋವಿಡ್ ಲಸಿಕೆಯ ಕಾಲದ ಕತೆ ಹೇಳಿದ. 2021ರಲ್ಲಿ 18 ದಾಟಿದವರಿಗೆ ಲಸಿಕೆ ತೆರೆದಾಗ ಸರ್ಕಾರದ ಜಾಲತಾಣ ಕೋವಿನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕಿತ್ತು. ಸೊಟ್ಟಂಬಟ್ಟ ಅಕ್ಷರಗಳ ಚಿತ್ರ ತೋರಿಸಿ ‘ನೀನು ಮನುಷ್ಯನೇ’ ಎಂದು ಕೇಳುವ ಕ್ಯಾಪ್ಚಾ ಅಲ್ಲಿ ಎದುರಾಗುತ್ತಿತ್ತು, ಅದನ್ನು ಕಿವಿಯಲ್ಲಿ ಕೇಳುವ ದಾರಿ ಇರಲಿಲ್ಲ. ‘ನಾ ಮನುಷ್ಯಾನ ಅಂತ ತೋರಿಸಾಕ ನಮ್ಮ ಕಾಕಾನ ಕರೀಬೇಕಾತ್ರಿ’ ಎಂದು ನಕ್ಕ. ಇದು ಅವನೊಬ್ಬನ ಗೋಳಾಗಿರಲಿಲ್ಲ. ಅದೇ ವರ್ಷ ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟು ಕೋವಿನ್‌ನ ಈ ಕೊರತೆಯನ್ನು ಹೆಸರಿಸಿ, ವಿಕಲಚೇತನರ ದೃಷ್ಟಿಯಿಂದ ಅದನ್ನು ಪರಿಶೀಲನೆಗೆ ಒಡ್ಡಬೇಕೆಂದಿತು.

ಕಾನೂನು ಇಲ್ಲವೆಂದೇನಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 21 ಬಗೆಯ ವೈಕಲ್ಯಗಳನ್ನು ಅದು ಗುರುತಿಸುತ್ತದೆ, ಸರ್ಕಾರಿ–ಖಾಸಗಿ ಎನ್ನದೆ ಸೇವೆ ಕೊಡುವವರೆಲ್ಲರನ್ನೂ ಒಳಗೊಳ್ಳುತ್ತದೆ. ಕಾಯ್ದೆಯಲ್ಲಿ ‘ಮಾಡಲೇಬೇಕು’ ಎಂದಿದ್ದದ್ದು ನಿಯಮಗಳಿಗೆ ಇಳಿಯುವಾಗ ‘ಮಾಡಿದರೆ ಒಳ್ಳೆಯದು’ ಎಂಬಷ್ಟಕ್ಕೆ ಸಡಿಲವಾಯಿತು. ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಈ ಸಡಿಲಿಕೆಯನ್ನು ಒಪ್ಪದೆ, 15ನೇ ನಿಯಮದ ಆ ಭಾಗ ಮೂಲ ಕಾಯ್ದೆಗೇ ವಿರುದ್ಧ ಎಂದಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಮತ್ತು ದೃಷ್ಟಿಯಿಲ್ಲದ ವಕೀಲ ಅಮರ್ ಜೈನ್ ಅವರ ಅರ್ಜಿಗಳವು. ಬ್ಯಾಂಕ್ ಖಾತೆ ತೆರೆಯಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದರೆ, ರೆಪ್ಪೆ ಸುಟ್ಟುಹೋದವರು ಏನು ಮಾಡಬೇಕು? ಡಿಜಿಟಲ್ ಸೌಲಭ್ಯ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ನ್ಯಾಯಾಲಯ ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು.

ದೆಹಲಿಯ ತೀರ್ಪು ತಾಲ್ಲೂಕಿಗೆ ಬರುವ ಹೊತ್ತಿಗೆ ಅದನ್ನು ಹೊರುವವರು ಯಾರು? ನಮ್ಮ ಕಡೆ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು., ತಾಲ್ಲೂಕು ಪಂಚಾಯಿತಿಯಲ್ಲಿ ಎಂ.ಆರ್.ಡಬ್ಲ್ಯು. ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸಾಮಾನ್ಯವಾಗಿ ಅವರೂ ವಿಕಲಚೇತನರೇ, ಗೌರವಧನದ ಮೇಲೆ ದುಡಿಯುವವರು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್ ಅರ್ಜಿ ತುಂಬಲು, ಫೋಟೊ ಏರಿಸಲು, ಓಟಿಪಿ ಮುಗಿಯುವ ಮೊದಲು ಒತ್ತಲು ಜನ ಇವರನ್ನೇ ಹಿಡಿಯುತ್ತಾರೆ. ಎಷ್ಟೋ ಮನೆಯ ವೈದ್ಯಕೀಯ ದಾಖಲೆ ಇವರ ಫೋನಿನ ಗ್ಯಾಲರಿಯಲ್ಲಿ ಇರುತ್ತದೆ. ಅವರ ಸಜ್ಜನಿಕೆಯ ಬಗ್ಗೆ ನನಗೆ ಅನುಮಾನವಿಲ್ಲ. ಅವರ ಸಜ್ಜನಿಕೆಯ ಮೇಲೆಯೇ ಇಡೀ ವ್ಯವಸ್ಥೆ ನಿಂತಿದೆಯಲ್ಲ, ತಕರಾರು ಅದರ ಬಗ್ಗೆ. ಅದನ್ನು ನಂಬಿಕೊಂಡಿರಬೇಕಾದವರ ಸಂಖ್ಯೆಯೂ ಸಣ್ಣದಲ್ಲ: 2011ರ ಜನಗಣತಿಯಲ್ಲಿ ರಾಜ್ಯದ ವಿಕಲಚೇತನರು 13.24 ಲಕ್ಷ.

ಕಿವಿ ಕೇಳದವರಿಗೆ ಇದೇ ಗುಟ್ಟಿನ ಸಮಸ್ಯೆ ಇನ್ನೊಂದು ಬಾಗಿಲಿನಿಂದ ಬರುತ್ತದೆ. ಆರೋಗ್ಯದ ಸಹಾಯ ಬೇಕಾದರೆ 104ಕ್ಕೆ, ಮನಸ್ಸಿಗೆ ಕಷ್ಟವಾದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಎನ್ನುತ್ತೇವೆ. ಬರೀ ನಂಬರ್ ಕೊಟ್ಟರೆ ಅವರು ಯಾರಿಂದ ಮಾತಾಡಿಸಬೇಕು? ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿಯ ವಿಡಿಯೊದಲ್ಲಿ ವೈದ್ಯರು ಎದುರಿಗೇ ಕಾಣುತ್ತಾರೆ, ಆದರೆ ಅವರಿಗೆ ಸನ್ನೆ ಅರ್ಥವಾಗುವುದಿಲ್ಲ. ಕೊನೆಗೆ ಸ್ತ್ರೀರೋಗದ ಮಾತನ್ನು ಅಣ್ಣನೋ ಮಾವನೋ ನಡುವೆ ನಿಂತು ದಾಟಿಸುತ್ತಾನೆ. ಎಷ್ಟು ಹೇಳುತ್ತಾನೆ, ಎಷ್ಟು ನುಂಗುತ್ತಾನೆ ಆ ಹೆಣ್ಣುಮಗಳಿಗೆ ತಿಳಿಯುವುದಿಲ್ಲ. ತೆರೆಯ ಪಕ್ಕದಲ್ಲಿ ಬರೆದು ಕೇಳುವ ಒಂದು ಚೌಕ, ಸನ್ನೆ ಭಾಷೆ ಬಲ್ಲವರನ್ನು ಮೂರನೆಯವರಾಗಿ ಕರೆಗೆ ಸೇರಿಸುವ ಒಂದು ಗುಂಡಿ ಇದ್ದರೂ ಎಷ್ಟೋ ಆಯಿತು.

ಮಸ್ಕಿ ಹತ್ತಿರವಾಯಿತು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡುಹಿಡಿದ, ಅಶೋಕನ ಹೆಸರು ಹೊತ್ತ ಶಾಸನ ಇರುವ ಊರಿದು. ಅದೇ ಅರಸ ಒಡಿಶಾದ ಧೌಲಿ, ಜೌಗಡದ ಬಂಡೆಗಳ ಮೇಲೆ ಒಂದು ಮಾತು ಕೊರೆಸಿದ್ದಾನೆ: ಇದನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು. ಕಲ್ಲಿನಲ್ಲಿ ಬರೆದು ಬಿಟ್ಟರೆ ಕೆಲಸ ಮುಗಿಯಲಿಲ್ಲವೆಂದು ಗೊತ್ತಿದ್ದ ಆಡಳಿತಗಾರ. ಹುಡುಗನಿಗೆ ಹೇಳಿದೆ. ‘ಆ ಓದಾಂವನೂ ಎಲ್ಲರ ಮುಂದನ ಓದತಿದ್ದನಲ್ರಿ’ ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಬಸ್ಸು ನಿಂತಿತು, ಅವನು ಇಳಿದ.

ಮೂರು ತಿಂಗಳ ನಂತರ ಅದೇ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಸಿಕ್ಕ. ಮರುಪರೀಕ್ಷೆ ಮಾಡಿಸಿದ್ದನಂತೆ. ಈ ಸಲ ಲ್ಯಾಬಿನ ಹುಡುಗನ ಹತ್ತಿರ ನಿಂತು, ‘ಫೋಟೊ ಬ್ಯಾಡಪ್ಪ, ಕಂಪ್ಯೂಟರ್‌ನಾಗ ಐತಲ್ಲ ಪಿಡಿಎಫ್, ಅದನ್ನ ಕಳಸು’ ಎಂದು ಹೇಳಿ ಬಂದಿದ್ದ. ಪ್ರಿಂಟ್ ಹಾಕುವ ಮುಂಚೆ ವರದಿ ಅಕ್ಷರಗಳಾಗಿಯೇ ಇರುತ್ತದೆ. ಅದನ್ನು ಚಿತ್ರ ಮಾಡಿದ್ದು ಕಾಗದ ಮತ್ತು ಕ್ಯಾಮೆರಾ. ಫೋನು ಟಣ್ ಎಂದಿತು. ಇಯರ್‌ಫೋನ್ ಸಿಕ್ಕಿಸಿಕೊಂಡು ಬೆರಳು ಸರಿಸತೊಡಗಿದ. ಒಂದು ಕಡೆ ನಿಂತು, ಹಿಂದಕ್ಕೆ ಬಂದು, ಮತ್ತೊಮ್ಮೆ ಕೇಳಿಸಿಕೊಂಡ. ವರದಿಯ ಕೋಷ್ಟಕವನ್ನು ಯಂತ್ರ ಒಂದೇ ಉಸಿರಿಗೆ ಓದುತ್ತದಂತೆ: ಪರೀಕ್ಷೆಯ ಹೆಸರು, ಬಂದ ಅಂಕಿ, ಇರಬೇಕಾದ ಅಂಕಿ ಎಲ್ಲ ಒಂದರ ಹಿಂದೊಂದು. ಹೆಚ್ಚುಕಡಿಮೆಯನ್ನು ಕೆಂಪಕ್ಷರದಲ್ಲಷ್ಟೇ ತೋರಿಸಿರುವುದರಿಂದ ಪ್ರತಿ ಸಾಲಿಗೂ ತಾನೇ ಲೆಕ್ಕ ಹಾಕಬೇಕು. ಐದಾರು ನಿಮಿಷ ಹಿಡಿಯಿತು.

ನಾನು ಅವನ ಮುಖ ನೋಡುತ್ತಿದ್ದೆ, ಅದರಲ್ಲಿ ಏನೂ ಗೊತ್ತಾಗಲಿಲ್ಲ. ‘ಏನು ಬಂತಪ್ಪ?’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವನು ಇಯರ್‌ಫೋನ್ ತೆಗೆದು, ಸುತ್ತಿ ಕಿಸೆಗಿಟ್ಟುಕೊಂಡು, ‘ನಡೀರಿ ಸರ್, ಚಾ ಕುಡಿಯೂಣು’ ಎಂದ.