ನೀರನ್ನು ಹಿಡಿದಿಡುವ ಉಪ್ಪು

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯಂಥ ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲಿಗೆ ಹೊಲದಲ್ಲಿ ದುಡಿಯುವವರ ಮೈಯಿಂದ ಗಂಟೆಗೆ ಒಂದು ಲೀಟರ್ ಬೆವರು ಇಳಿಯುವುದುಂಟು. ಇದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದೇ: ನೀರು ಕುಡಿಯಿರಿ. ಈ ಮಾತು ಅರ್ಧ ಮಾತ್ರ ನಿಜ. ಕುಡಿದ ನೀರನ್ನು ದೇಹ ಉಳಿಸಿಕೊಳ್ಳುತ್ತದೋ ಹೊರಹಾಕುತ್ತದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಸೋಡಿಯಂ, ಅಂದರೆ ಉಪ್ಪಿನ ಅಂಶ. ಆರೋಗ್ಯವಂತರ ಒಂದು ಲೀಟರ್ ರಕ್ತದ್ರವದಲ್ಲಿ ಅದು 135ರಿಂದ 145 ಮಿಲಿಮೋಲ್‌ನಷ್ಟಿರುತ್ತದೆ. ಬೆವರಿನಲ್ಲಿ ನೀರು ಹೆಚ್ಚು, ಉಪ್ಪು ಕಡಿಮೆ. ಹಾಗಾಗಿ ಬೆವರಿದಂತೆಲ್ಲ ರಕ್ತ ತುಸು ಗಾಢವಾಗುತ್ತದೆ. ಶೇಕಡ ಒಂದೆರಡರಷ್ಟು ವ್ಯತ್ಯಾಸವನ್ನೂ ಮೆದುಳಿನ ಹೈಪೋಥಲಾಮಸ್ ಗುರುತಿಸಿ ಬಾಯಾರಿಕೆ ಹುಟ್ಟಿಸುತ್ತದೆ. ವ್ಯಾಸೋಪ್ರೆಸಿನ್ ಹಾರ್ಮೋನ್ ಬಿಡುಗಡೆ ಮಾಡಿಸಿ ಮೂತ್ರಕ್ಕೆ ಹೋಗುವ ನೀರನ್ನು ತಡೆಯುತ್ತದೆ. ಈಗ ಬರೀ ನೀರನ್ನೇ ಒಂದೇ ಸಮನೆ ಕುಡಿದರೆ ರಕ್ತ ಮತ್ತೆ ತೆಳುವಾಗುತ್ತದೆ, ವ್ಯಾಸೋಪ್ರೆಸಿನ್ ಇಳಿಯುತ್ತದೆ, ಮೂತ್ರಪಿಂಡ ಆ ನೀರನ್ನು ಹೊರಗೆ ಕಳಿಸುತ್ತದೆ. ಬಾಯಾರಿಕೆ ಇಂಗಿದರೂ ಕಳೆದುಹೋದ ದ್ರವ ಪೂರ್ತಿ ತುಂಬಿರುವುದಿಲ್ಲ.

ಕರುಳಿನಲ್ಲಿ ಈ ನಂಟು ಇನ್ನೂ ಸ್ಪಷ್ಟ. ಕರುಳಿನ ಗೋಡೆ ಸೋಡಿಯಂ ಮತ್ತು ಗ್ಲೂಕೋಸನ್ನು ಜೋಡಿಯಾಗಿ ಒಳಗೆಳೆದುಕೊಳ್ಳುತ್ತದೆ ಎಂಬ ವಿವರಣೆಯನ್ನು ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟರು. ನೀರು ಅವುಗಳ ಹಿಂದೆಯೇ ಹೋಗುತ್ತದೆ. ಕಾಲರಾದಲ್ಲೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಕಾಲರಾ ರೋಗಿಗಳಿಗೆ ಕುಡಿಸಿದಾಗ, ಶೇಕಡ 30ರ ಸುಮಾರಿನಲ್ಲಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಇಂದಿನ ಓಆರ್‌ಎಸ್ ಪುಡಿ ಅದೇ ತತ್ವದ್ದು.

ಉಪ್ಪು ರಕ್ತದೊತ್ತಡ ಏರಿಸುತ್ತದಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೆರಳಿನಲ್ಲಿ ಕೂತು ಕೆಲಸ ಮಾಡುವವರಿಗೆ ಊಟದ ಉಪ್ಪೇ ಹೆಚ್ಚು. ನನ್ನ ವಾದ ಬೆವರಿನಲ್ಲೋ ಭೇದಿಯಲ್ಲೋ ಉಪ್ಪು ಕಳೆದುಕೊಂಡವರ ಕುರಿತದ್ದು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರ ಮಾತನ್ನೇ ಪಾಲಿಸಬೇಕು. ದೇಹವೇ ಉಪ್ಪನ್ನು ಉಳಿಸಿಕೊಳ್ಳುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಉಳಿಸಿಕೊಳ್ಳುತ್ತದೆ: ಆಲ್ಡೊಸ್ಟೆರಾನ್ ಹಾರ್ಮೋನ್ ಮೂತ್ರದಲ್ಲೂ ಬೆವರಿನಲ್ಲೂ ಸೋಡಿಯಂ ಸೋರದಂತೆ ನೋಡಿಕೊಳ್ಳುತ್ತದೆ. ಆದರೆ ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಬೇಸಿಗೆಯ ಮೊದಲ ದಿನಗಳಲ್ಲಿ ಅಪಾಯ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಹೊಲಕ್ಕೆ ಒಯ್ಯುವ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ದೇಹಶಾಸ್ತ್ರ ಒಪ್ಪುವ ಕ್ರಮ: ನೀರಿನ ಜೊತೆಗೆ ಸೋಡಿಯಂ ಸಿಗುತ್ತದೆ, ಪೊಟ್ಯಾಸಿಯಮ್ಮೂ ಸಿಗುತ್ತದೆ. ಆದರೆ ಮಗುವಿಗೆ ಭೇದಿಯಾದಾಗ ಅಂದಾಜು ಸಾಲದು, ಅಳತೆ ಬೇಕು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಪ್ರತಿ ಮನೆಗೂ ಬಾಯಿಪಾಠವಾಗಿರಬೇಕಾದ ಲೆಕ್ಕವಿದು.