ಹುರಿಹಿಟ್ಟಿನ ಕಂಪು

ಹುರಿಹಿಟ್ಟಿನ ಪರಿಮಳವನ್ನು ಅರಿಯದ ಕನ್ನಡಿಗರು ವಿರಳ. ಜವೆಗೋಧಿಯ ಹುರಿಹಿಟ್ಟೇ ಟಿಬೆಟ್ಟಿನ ನಿತ್ಯದ ಆಹಾರ. ಅದರ ಹೆಸರು ತ್ಸಂಪಾ. ೧೯೫೯ರಿಂದೀಚೆಗೆ ಆ ನಾಡನ್ನು ತೊರೆದು ಬಂದ ನಿರಾಶ್ರಿತರಲ್ಲಿ ಹಲವರಿಗೆ ಆಗಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ನೆಲೆಯನ್ನು ಒದಗಿಸಿತು. ಮನೆಯನ್ನು ಹೊತ್ತು ತರಲಾಗದವರು ಅಡುಗೆಯ ಅರಿವನ್ನು ತಂದರು.

ತ್ಸಂಪಾ ಆ ಎತ್ತರದ ನಾಡಿಗೆ ಎಷ್ಟು ಒಪ್ಪುವ ಆಹಾರವೆಂಬುದನ್ನು ನೋಡಿ. ಲ್ಹಾಸಾ ನಗರವು ಸಮುದ್ರಮಟ್ಟದಿಂದ ಸುಮಾರು ೩,೬೫೦ ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ ನೀರು ಸುಮಾರು ೮೮ ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಎಷ್ಟು ಉರಿಯಿಟ್ಟರೂ ಅದಕ್ಕಿಂತ ಬಿಸಿಯೇರದು. ಕಾಳು ಬೇಯುವುದು ನಿಧಾನ, ಉರುವಲೋ ದುರ್ಲಭ. ಕಾದ ಮರಳಿಗೆ ಈ ಮಿತಿಯಿಲ್ಲ. ಅದರಲ್ಲಿ ಕಾಳು ಬೇಗನೆ ಅರಳುತ್ತದೆ. ಮರಳನ್ನು ಜರಡಿಯಾಡಿ, ಕಾಳನ್ನು ಬೀಸಿ, ಬೆಣ್ಣೆಯ ಚಹದಲ್ಲಿ ಕಲಸಿದರೆ ಊಟ ಸಿದ್ಧ.

ಬೈಲಕುಪ್ಪೆಯಲ್ಲಿ ನೀರು ೯೭ ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಅನ್ನ ಸುಲಭವಾಗಿ ಬೇಯುತ್ತದೆ. ಆದರೂ ತ್ಸಂಪಾ ಉಳಿದಿದೆ. ಏಕೆ?

ಹುರಿಯುವಾಗ ಕಾಳಿನಲ್ಲಿರುವ ಸಕ್ಕರೆಗಳೂ ಅಮೈನೋ ಆಮ್ಲಗಳೂ ವರ್ತಿಸಿ ಹಲವು ಬಗೆಯ ಸುವಾಸನೆಯ ವಸ್ತುಗಳು ಹುಟ್ಟುತ್ತವೆ. ನೋಟ, ನಾದಗಳ ವಾರ್ತೆಯು ಮಿದುಳಿನಲ್ಲಿ ಥಾಲಮಸ್ ಎಂಬ ಠಾಣೆಯನ್ನು ಹಾದುಹೋಗಬೇಕು. ವಾಸನೆಯ ವಾರ್ತೆಯಾದರೋ ಆ ಠಾಣೆಯನ್ನು ಹಾಯದೆಯೇ ಭಾವನೆ ಮತ್ತು ನೆನಪುಗಳ ಕೇಂದ್ರಗಳ ಕಡೆಗೆ ಸಾಗಬಲ್ಲದು. ಆದುದರಿಂದಲೇ ಒಂದು ಹಿಡಿ ಹಿಟ್ಟಿನಲ್ಲಿ ತಾಯಿಯ ಒಲೆ ಮರಳಿ ಬರುತ್ತದೆ.

ಇಲ್ಲಿಯೇ ಹುಟ್ಟಿದ ಮೊಮ್ಮಗನಿಗೆ ಅಜ್ಜಿ ಅದನ್ನು ಕಲಸಿಕೊಡುತ್ತಾಳೆ. ಅವನು ಟಿಬೆಟ್ಟನ್ನು ಕಂಡವನಲ್ಲ. ಮುಂದೊಂದು ದಿನ ಆ ಕಂಪು ಅವನಿಗೆ ನೆನಪಿಗೆ ತರುವುದು ಲ್ಹಾಸಾವನ್ನಲ್ಲ, ಅಜ್ಜಿಯನ್ನು.