ಬೀಗದ ಕೈಯೂ ದಲ್ಲಾಳಿಯ ಕೈಯೂ

ಮೈಸೂರಿನ ಸರಸ್ವತೀಪುರಂ ಬಡಾವಣೆಯಲ್ಲಿ ತಂದೆಯವರು ಕಟ್ಟಿಸಿದ್ದ ಮನೆಯನ್ನು ಮಾರುವುದೆಂದು ನನ್ನ ಮಿತ್ರರೊಬ್ಬರು ಬಹುಕಾಲದ ಮನೋಮಥನದ ತರುವಾಯ ನಿಶ್ಚಯಿಸಿ, ನೋಡಬಂದ ಮೊದಲ ಕುಟುಂಬವನ್ನು ತಾವೇ ಮುಂದಾಗಿ ಕೋಣೆಯಿಂದ ಕೋಣೆಗೆ ಕರೆದೊಯ್ದ ದಿನ, ಅವರ ಬೆನ್ನ ಹಿಂದೆ ನಾನೂ ಇದ್ದೆ. ಅಟ್ಟದ ಕೆಳಗಿನ ಗೋಡೆಯಲ್ಲಿ ಗಾರೆ ಉದುರಿದ್ದನ್ನು ಕಂಡು ಬಂದವರು, "ಇಲ್ಲಿ ನೀರು ಇಳಿಯುತ್ತದೆಯೇ?" ಎಂದು ಕೇಳಿದರು. ಹೌದೆಂದೋ ಇಲ್ಲವೆಂದೋ ಒಂದೇ ಮಾತಿನಲ್ಲಿ ಮುಗಿಯಬಹುದಾಗಿದ್ದ ಉತ್ತರವು, ತಾರಸಿಯನ್ನು ಕೆಡಿಸಿದ ಮೇಸ್ತ್ರಿಯ ನಿಂದೆಯಿಂದ ಆರಂಭವಾಗಿ, ತಾಯಿಯವರು ನೆಟ್ಟ ಪಾರಿಜಾತವನ್ನು ಬಳಸಿ, ಹಿತ್ತಿಲ ಬಾವಿಯ ಸಿಹಿನೀರಿನ ವರ್ಣನೆಯನ್ನು ದಾಟಿ, ಕಡೆಗೆ "ಮಗ ಅಮೆರಿಕಕ್ಕೆ ಕರೆಯುತ್ತಿದ್ದಾನೆ, ಯುಗಾದಿಯೊಳಗೆ ಇದೊಂದು ಮುಗಿದರೆ ಸಾಕಾಗಿದೆ" ಎಂಬಲ್ಲಿಗೆ ಬಂದು ನಿಂತಿತು. ಕೊಳ್ಳಬಂದವರ ಮುಖದಲ್ಲಿ ಆ ಕ್ಷಣ ಮೂಡಿದ ನೆಮ್ಮದಿಯನ್ನು ನಾನು ಕಂಡೆ, ಮಿತ್ರರು ಕಾಣಲಿಲ್ಲ.

ಅದೇ ಸಂಜೆ ದಲ್ಲಾಳಿಯು, "ತೋರಿಸುವ ಕೆಲಸ ನನಗೆ ಬಿಡಿ ಸ್ವಾಮಿ, ಬೀಗದ ಕೈ ಕೊಟ್ಟು ನೀವು ಹೊರಗಿರಿ" ಎಂದಾಗ ಮಿತ್ರರಿಗೆ ಸಿಟ್ಟು ಬಂದಿತು. ಅಪ್ಪನ ಮನೆಯನ್ನು ತೋರಿಸಲು ಪರರು ಬೇಕೆ ಎಂಬ ಅವರ ಪ್ರಶ್ನೆಯಲ್ಲಿ ಅಭಿಮಾನವಿತ್ತೇ ಹೊರತು ವ್ಯವಹಾರವಿರಲಿಲ್ಲ. ಯಜಮಾನನು ಎದುರಿಗಿರುವಾಗ ಬಂದವರು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, "ಚೆನ್ನಾಗಿದೆ, ಮನೆಯಲ್ಲಿ ಕೇಳಿ ಹೇಳುತ್ತೇವೆ" ಎಂದು ಕಾಫಿ ಕುಡಿದು ಹೋಗುತ್ತಾರೆ. ಅವನಿಲ್ಲದಾಗ ನಲ್ಲಿ ತಿರುಗಿಸುತ್ತಾರೆ, ಬಚ್ಚಲಿನ ಮೂಲೆಯನ್ನು ಬಗ್ಗಿ ನೋಡುತ್ತಾರೆ, ಅಡಿಗೆಮನೆ ಆಗ್ನೇಯದಲ್ಲಿಲ್ಲವೆಂದು ಗಟ್ಟಿಯಾಗಿಯೇ ಗೊಣಗುತ್ತಾರೆ. ಮಾರುವವನಿಗೆ ನಿಜವಾಗಿ ಬೇಕಾದುದು ಈ ಗೊಣಗೇ. ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ಯಾರೂ ಬಾರರೆಂಬುದು, ರಾಹುಕಾಲದಲ್ಲಿ ಬಾಗಿಲು ತೆರೆದರೆ ಆಗುವ ವ್ಯಾಪಾರವೂ ಕೆಡಬಹುದೆಂಬುದು ದಲ್ಲಾಳಿಗೆ ಪಂಚಾಂಗದಷ್ಟೇ ಕರಗತ. ಆದಕಾರಣ, ತೋರಿಸುವ ಕಾರ್ಯವನ್ನು ಅವನಿಗೆ ಒಪ್ಪಿಸುವುದರಲ್ಲಿ ತಪ್ಪಿಲ್ಲವೆಂದೇ ನನ್ನ ಅಭಿಮತ. ತೊಡಕಿರುವುದು, ಬಾಗಿಲನ್ನು ಒಪ್ಪಿಸಿದವರು ಅದರೊಡನೆ ಬೆಲೆಯನ್ನೂ ಪತ್ರಗಳನ್ನೂ ಹಣವನ್ನೂ ತಮಗರಿವಿಲ್ಲದೆಯೇ ಒಪ್ಪಿಸಿಬಿಡುವುದರಲ್ಲಿ.

ಮೊದಲಿಗೆ ಅವನು ಯಾರ ಪ್ರತಿನಿಧಿ ಎಂಬುದನ್ನೇ ವಿಚಾರಿಸೋಣ. ಇಂಗ್ಲೆಂಡಿನಲ್ಲಿ ಮನೆ ಮಾರಿಸುವ ಏಜೆಂಟನಿಗೆ ಸಾಮಾನ್ಯವಾಗಿ ಮಾರುವವನೊಬ್ಬನೇ ದಕ್ಷಿಣೆ ಕೊಡುವನು. ಆ ಮನೆಯಲ್ಲಿ ತನ್ನದೇ ಸ್ವಾರ್ಥವಿದ್ದರೆ ಸಂಧಾನಕ್ಕೆ ಮುನ್ನವೇ ಬಹಿರಂಗಪಡಿಸಬೇಕೆಂದು ಅಲ್ಲಿಯ ೧೯೭೯ರ ಕಾಯಿದೆಯೂ, ಬಂದ ಬೆಲೆಯನ್ನು ತಡಮಾಡದೆ ಬರೆವಣಿಗೆಯಲ್ಲಿ ಮಾಲಿಕನಿಗೆ ತಿಳಿಸಬೇಕೆಂದು ೧೯೯೧ರ ಆದೇಶವೂ ವಿಧಿಸುತ್ತವೆ. ನಮ್ಮ ಬೆಂಗಳೂರು ಮೈಸೂರುಗಳಲ್ಲಾದರೋ ಎರಡು ಕಡೆಯಿಂದಲೂ ಶೇಕಡಾ ಒಂದೋ ಎರಡೋ ಪಡೆಯುವುದು ರೂಢಿ. ಕೋಟಿ ರೂಪಾಯಿಯ ಮನೆಯಲ್ಲಿ ಶೇಕಡಾ ಎರಡರಂತೆ ಇಬ್ಬದಿಯಿಂದ ನಾಲ್ಕು ಲಕ್ಷ ಬರುವುದೆಂದಿಟ್ಟುಕೊಳ್ಳಿ. ಬೆಲೆಯಲ್ಲಿ ಐದು ಲಕ್ಷ ಇಳಿದರೆ ಮಾರುವವನಿಗೆ ಐದು ಲಕ್ಷವೂ ನಷ್ಟ, ದಲ್ಲಾಳಿಗೆ ಇಪ್ಪತ್ತು ಸಾವಿರ ಮಾತ್ರ. ಮುಂದಿನ ತಿಂಗಳು ಬರಬಹುದಾದ ಉತ್ತಮ ಗಿರಾಕಿಗಿಂತ ಈ ತಿಂಗಳೇ ಒಪ್ಪುವ ಗಿರಾಕಿಯು ಅವನ ಕಣ್ಣಿಗೆ ಚೆಲುವನಾಗಿ ಕಾಣಲು ದುಷ್ಟತನವೇನೂ ಬೇಕಿಲ್ಲ, ಈ ಲೆಕ್ಕವೇ ಸಾಕು. ನೋಡಿಹೋದವರ ಗೊಣಗನ್ನು ಅವನು ಮಾಲಿಕನಿಗೆ ತಲುಪಿಸುವಾಗ ಒಂದಕ್ಕೆ ಎರಡಾಗಿ ತಲುಪುವುದೂ ಇದೇ ಲೆಕ್ಕದಿಂದಲೇ. ಆದುದರಿಂದ ಬೆಲೆಯ ಮಾತು ಯಾರಿಂದಲೇ ಬರಲಿ, ಕೊಳ್ಳುವವನ ಬಾಯಿಂದಲೋ ಕಾಗದದಿಂದಲೋ ಮಾಲಿಕನಿಗೆ ನೇರವಾಗಿ ಬರಬೇಕು. ತಗ್ಗಿಸಬಲ್ಲ ಕನಿಷ್ಠ ಮೊತ್ತವನ್ನು ದಲ್ಲಾಳಿಯ ಕಿವಿಯಲ್ಲಿ ಉಸುರಲೇಬಾರದು.

ಈ ಸಂಬಂಧದ ಸೂಕ್ಷ್ಮವನ್ನು ನಮ್ಮ ೧೮೭೨ರ ಕರಾರು ಕಾಯಿದೆಯು ಬಹು ಹಿಂದೆಯೇ ಅರಿತಿತ್ತು. ಬಾಯಿಮಾತಿನಿಂದಲೇ ಪ್ರತಿನಿಧಿತ್ವ ಹುಟ್ಟಬಲ್ಲುದು, ಅದಕ್ಕೆ ಪ್ರತಿಫಲವೂ ಅಗತ್ಯವಲ್ಲವೆಂದು ಹೇಳುವ ಆ ಕಾಯಿದೆಯ ೨೧೫ನೆಯ ವಿಧಿಯಲ್ಲಿ, ಕಾನೂನಿನ ಪುಸ್ತಕಗಳಲ್ಲಿ ವಿರಳವಾಗಿ ದೊರೆಯುವ ಕಥಾರಸದ ಒಂದು ದೃಷ್ಟಾಂತವಿದೆ: ಒಬ್ಬನು ತನ್ನ ಆಸ್ತಿಯನ್ನು ಮಾರಿಕೊಡೆಂದು ಇನ್ನೊಬ್ಬನಿಗೆ ಹೇಳುತ್ತಾನೆ; ಅದನ್ನು ನೋಡಹೋದ ಪ್ರತಿನಿಧಿಗೆ ಅಲ್ಲಿ ಒಡೆಯನಿಗೇ ತಿಳಿಯದ ಗಣಿಯೊಂದು ಕಾಣುತ್ತದೆ; ಅದನ್ನು ಮುಚ್ಚಿಟ್ಟು, ಆಸ್ತಿಯನ್ನು ತಾನೇ ಕೊಳ್ಳುವೆನೆನ್ನುತ್ತಾನೆ. ಸತ್ಯ ತಿಳಿದ ಒಡೆಯನು ಆ ಮಾರಾಟವನ್ನು ನಿರಾಕರಿಸಬಹುದು. ನಮ್ಮ ಹಳೆಯ ಬಡಾವಣೆಗಳಲ್ಲಿ ಗಣಿ ಇರಲಾರದು. ಆದರೆ ಮೂಲೆ ನಿವೇಶನದ ನಿಜವಾದ ಬೆಲೆಯೆಂಬ ಗಣಿಯನ್ನು ಒಡೆಯನಿಗಿಂತ ಮೊದಲು ಕಾಣುವವನು ದಲ್ಲಾಳಿಯೇ.

ಅದೇ ಕಾಯಿದೆಯ ೧೯೦ನೆಯ ವಿಧಿಯು, ತಾನೇ ಮಾಡುವೆನೆಂದು ಒಪ್ಪಿದ ಕೆಲಸವನ್ನು ಪ್ರತಿನಿಧಿಯು, ವೃತ್ತಿಯ ವಾಡಿಕೆ ಅನುಮತಿಸಿದ ಹೊರತು, ಪರರಿಗೆ ವಹಿಸಕೂಡದೆನ್ನುತ್ತದೆ. ಇಲ್ಲಿಯ ವಾಡಿಕೆಯಾದರೋ ಎಲ್ಲವನ್ನೂ ಅನುಮತಿಸುವಂಥದು: ಒಬ್ಬ ದಲ್ಲಾಳಿಗೆ ಹೇಳಿದ ಮನೆ ಸಂಜೆಯೊಳಗೆ ಹತ್ತು ದಲ್ಲಾಳಿಗಳ ವಾಟ್ಸಾಪಿನಲ್ಲಿರುತ್ತದೆ. ಮಿತ್ರರು ಕಡೆಗೆ ಮಣಿದು ಬೀಗದ ಕೈ ಕೊಟ್ಟ ಮೂರನೆಯ ವಾರ, ಒಂದು ಮಧ್ಯಾಹ್ನ ಎದುರುಮನೆಯವರು ಫೋನ್ ಮಾಡಿ, ಯಾರೋ ಅಪರಿಚಿತರು ಬಾಗಿಲು ತೆರೆದು ಒಳಗಿದ್ದಾರೆಂದರು. ಹೋಗಿ ನೋಡಿದರೆ ಅವನೂ ದಲ್ಲಾಳಿಯೇ, ಆದರೆ ನಮ್ಮ ದಲ್ಲಾಳಿಯ ಪರಿಚಿತನ ಪರಿಚಿತ. ಕೈಯಲ್ಲಿದ್ದುದು ನಕಲು ಬೀಗದ ಕೈ! ಕಳುವೇನೂ ಆಗಿರಲಿಲ್ಲ. ಆದರೂ ಅಂದೇ ಬೀಗ ಬದಲಾಯಿತು; ಹೊಸ ಬೀಗದ ಕೈ ಎದುರುಮನೆಯವರಲ್ಲಿ ಉಳಿಯಿತು; ಬರುವವರ ಹೆಸರೂ ಫೋನ್ ಸಂಖ್ಯೆಯೂ ಹಿಂದಿನ ದಿನವೇ ತಿಳಿದ ಹೊರತು ಬಾಗಿಲು ತೆರೆಯಲಾಗದೆಂದು ಒಂದು ಹಾಳೆಯಲ್ಲಿ ಬರೆದು ನಮ್ಮ ದಲ್ಲಾಳಿಯಿಂದ ಸಹಿ ಮಾಡಿಸಿದ್ದಾಯಿತು.

ಪತ್ರಗಳ ವಿಷಯದಲ್ಲಿ ನಾನು ಇನ್ನೂ ಕಠಿಣನು. ಕ್ರಯಪತ್ರದ ನಕಲು, ಖಾತೆ, ಆಧಾರ್ ಕಾರ್ಡು, ಸಹಿಯ ಮಾದರಿ ಇವಿಷ್ಟೂ ಒಂದೇ ಕೈಗೆ ಸೇರಿದರೆ, ಮಾಲಿಕನ ವೇಷದಲ್ಲಿ ಬೇರೊಬ್ಬನು ಉಪನೋಂದಣಾಧಿಕಾರಿಯ ಎದುರು ಕುಳಿತುಕೊಳ್ಳಲು ಬೇಕಾದ ಸಾಮಗ್ರಿಯೆಲ್ಲ ಸಿದ್ಧವಾದಂತೆಯೇ. ಕಡಲಾಚೆ ನೆಲಸಿ, ಊರಿನ ಮನೆಯನ್ನು ದೂರದಿಂದಲೇ ಮಾರುವ ಕನ್ನಡಿಗರಿಗೆ ಈ ಭಯ ವಿಶೇಷವಾಗಿರಬೇಕು. ಋಣಭಾರ ಪತ್ರವನ್ನು ಕೊಳ್ಳುವವನು ತಾನೇ ಪಡೆಯಬಲ್ಲನು. ಮೂಲಪತ್ರಗಳನ್ನು, ಬೆಲೆ ಕುದುರಿದ ಬಳಿಕ, ವಕೀಲರ ಮೇಜಿನ ಮೇಲೆ ತೋರಿಸಿದರಾಯಿತು. ಮುಂಗಡವನ್ನೂ ದಲ್ಲಾಳಿಯ ಕೈಯಿಂದ ಪಡೆಯಬಾರದು; ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯತೆರಿಗೆಯ ಕಾನೂನು ೨೦೧೫ರಿಂದಲೇ ನಿಷೇಧಿಸಿದೆ, ಪಡೆದವನಿಗೆ ಅಷ್ಟೇ ಮೊತ್ತದ ದಂಡವೂ ಬೀಳಬಹುದು.

ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸಲು ರೇರಾ ಕಾಯಿದೆ ಇದೆಯಲ್ಲ ಎನ್ನುವವರುಂಟು. ೨೦೧೬ರ ಆ ಕಾಯಿದೆಯು ಏಜೆಂಟರು ನೋಂದಾಯಿಸಿಕೊಳ್ಳಬೇಕೆಂದು ವಿಧಿಸುವುದು ತನ್ನಲ್ಲಿ ನೋಂದಣಿಯಾದ ಯೋಜನೆಗಳ ಫ್ಲಾಟು ನಿವೇಶನಗಳ ಮಾರಾಟಕ್ಕೆ. ತಂದೆಯವರು ಗಾರೆ ಕಲೆಸಿ ಕಟ್ಟಿಸಿದ ಒಂಟಿ ಮನೆಯನ್ನು ತೋರಿಸುವವನಿಗೆ ಆ ನಿರ್ಬಂಧವಿಲ್ಲ. ಅಲ್ಲಿ ಉಳಿಯುವುದು ಸಹಿ ಮಾಡಿಸಿದ ಆ ಹಾಳೆಯೊಂದೇ.

ಅನಂತರದ ಭಾನುವಾರಗಳಲ್ಲಿ ಮಿತ್ರರು ಎದುರುಮನೆಯ ಜಗುಲಿಯಲ್ಲಿ ಕುಳಿತು, ತಮ್ಮ ಮನೆಯ ಕಿಟಕಿಗಳನ್ನು ಒಂದೊಂದಾಗಿ ಬೇರೆಯವರು ತೆರೆಯುವುದನ್ನು ನೋಡುತ್ತಿದ್ದರು. ಒಮ್ಮೆ ದಲ್ಲಾಳಿಯು ರಸ್ತೆ ದಾಟಿ ಬಂದು, "ಬಾವಿ ಎಷ್ಟು ಅಡಿ ಎಂದು ಕೇಳುತ್ತಿದ್ದಾರೆ" ಎಂದನು. ಆ ಬಾವಿಯ ಕಥೆ ಅರ್ಧ ಗಂಟೆಗೆ ಕಡಿಮೆಯಿಲ್ಲವೆಂದು ಬಲ್ಲ ನಾನು ಉಸಿರು ಬಿಗಿಹಿಡಿದೆ. "ನಲವತ್ತು" ಎಂದು ಹೇಳಿ ಮಿತ್ರರು ಕಾಫಿಯ ಲೋಟವನ್ನು ಎತ್ತಿಕೊಂಡರು.